ಸೋಪಿನ ಗುಳ್ಳೆಯ ಹುಡುಗನನ್ನು ನಂಬಬೇಡಿ

ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನಲ್ಲಿ ಮಕ್ಕಳು ಎಷ್ಟು ಮುದ್ದಾಗಿ ಬೆಳೆದರು ನೋಡಿ ಅಂತ ಅಂದಿನ ವರ್ಣಚಿತ್ರಗಳನ್ನು ಫಾರ್ವರ್ಡ್ ಮಾಡುವವರಿದ್ದಾರೆ. ನಾವು ಇದನ್ನು ಒಪ್ಪುವುದಿಲ್ಲ.

ಜಾನ್ ಎವರೆಟ್ ಮಿಲೇ 1886ರಲ್ಲಿ ಬರೆದ 'ಬಬಲ್ಸ್' ತೆಗೆದುಕೊಳ್ಳಿ. ಹೊಂಬಣ್ಣದ ಗುಂಗುರು ಕೂದಲು, ವೆಲ್ವೆಟ್ ಅಂಗಿ, ಕೈಯಲ್ಲಿ ಕೊಳವೆ, ಮೇಲೆ ತೇಲುವ ಗುಳ್ಳೆ. ಹುಡುಗ ಬೇರೆ ಯಾರೂ ಅಲ್ಲ, ಚಿತ್ರಕಾರನ ಸ್ವಂತ ಮೊಮ್ಮಗ. ದೊಡ್ಡವನಾಗಿ ನೌಕಾಪಡೆಯ ಅಡ್ಮಿರಲ್ ಆದ. ಪಿಯರ್ಸ್ ಕಂಪನಿ ಈ ಚಿತ್ರ ಕೊಂಡು, ಅದರಲ್ಲಿ ಒಂದು ಸೋಪು ಸೇರಿಸಿ ಜಾಹೀರಾತು ಮಾಡಿತು. ನಮ್ಮೂರ ಅಂಗಡೀಲಿ ಸಿಗುತ್ತಲ್ಲ, ಅದೇ ಪಿಯರ್ಸ್.

ಅದೇ ವರ್ಷ ಲ್ಯಾಂಕಷೈರಿನ ಹತ್ತಿ ಗಿರಣಿಗಳಲ್ಲಿ 10 ವರ್ಷದ ಮಕ್ಕಳು ಅರ್ಧ ಹೊತ್ತು ಯಂತ್ರಗಳ ನಡುವೆ ದುಡಿದು, ಉಳಿದರ್ಧ ಶಾಲೆಗೆ ಹೋಗುತ್ತಿದ್ದರು. ಕದ್ದುಮುಚ್ಚಿ ಅಲ್ಲ, ಕಾನೂನೇ ಒಪ್ಪಿತ್ತು! ಅವರ ಬಾಲ್ಯ ಬಾಲ್ಯ ಅಲ್ಲವೇ?

ಚಿತ್ರಕಾರ ಚೆಂದವನ್ನು ಬರೆದರೆ ತಪ್ಪೇನು ಅನ್ನಬಹುದು. ಬರೆಯಲಿ. ಬಡವರನ್ನು ಬರೆದ ಲ್ಯೂಕ್ ಫಿಲ್ಡ್ಸ್‌ನಂಥವರೂ ಇದ್ದರು. ಒಬ್ಬ ಸಾಹೇಬರ ಮೊಮ್ಮಗನನ್ನು ತೋರಿಸಿ ದೇಶದ ಮಕ್ಕಳೆಲ್ಲ ಹೀಗಿದ್ದರು ಅನ್ನುವುದಕ್ಕೆ ನಮ್ಮ ತಕರಾರು.

ಮಕ್ಕಳ ಚಿತ್ರವೇ ಬೇಕೆಂದರೆ 1842ರ ಗಣಿ ವರದಿಯಲ್ಲಿವೆ. ಸಾದಾ ಗೆರೆಚಿತ್ರಗಳು. ಸೊಂಟಕ್ಕೆ ಪಟ್ಟಿ, ಕಾಲ ನಡುವೆ ಸರಪಳಿ, ಅಂಬೆಗಾಲಲ್ಲಿ ಕಲ್ಲಿದ್ದಲ ಗಾಡಿ ಎಳೆಯುವ ಮಕ್ಕಳು. ಅವನ್ನು ನೋಡಿ ಜನ ಕೆರಳಿದರು. ಹೆಂಗಸರು, ಹುಡುಗಿಯರು, 10 ವರ್ಷದೊಳಗಿನ ಹುಡುಗರು ಗಣಿಯೊಳಗೆ ದುಡಿಯಕೂಡದು ಅಂತ ಪಾರ್ಲಿಮೆಂಟು ಅದೇ ವರ್ಷ ಕಾನೂನು ಮಾಡಿತು.