ಎರಡನೇ ವಾರ ಯಾರು ನೋಡುತ್ತಾರೆ?

ಖಿನ್ನತೆಗೆ ಗುಳಿಗೆ ಬರೆಯುವುದು ಮನೋವೈದ್ಯರ ಕೆಲಸ, ಎಂ.ಬಿ.ಬಿ.ಎಸ್. ಓದಿದ ಫ್ಯಾಮಿಲಿ ಡಾಕ್ಟರಿಗೆ ಅದನ್ನು ಬಿಡಬಾರದು ಎಂಬ ವಾದ ಮತ್ತೆ ಕೇಳಿಬರುತ್ತಿದೆ. ಆಯುಷ್ಮಾನ್ ಆರೋಗ್ಯ ಮಂದಿರಗಳ ಸೇವೆಗಳಲ್ಲಿ ಮಾನಸಿಕ ಆರೋಗ್ಯವೂ ಸೇರಿದ ಮೇಲಂತೂ ಈ ವಾದದ ದನಿ ಏರಿದೆ. ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ: ಇದು ತಪ್ಪು ವಾದ. ಬಳ್ಳಾರಿ ಜಿಲ್ಲೆಯ ಮಟ್ಟಿಗೆ ಇದು ತನ್ನ ಚರಿತ್ರೆಯನ್ನೇ ಮರೆತ ವಾದ.

1985ರಿಂದ 1990ರವರೆಗೆ ನಿಮ್ಹಾನ್ಸ್ ಇಡೀ ಬಳ್ಳಾರಿ ಜಿಲ್ಲೆಯನ್ನೇ ಮಾನಸಿಕ ಆರೋಗ್ಯದ ಪ್ರಯೋಗಕ್ಕೆ ಆರಿಸಿಕೊಂಡಿತ್ತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟಿತು. ಆರು ಔಷಧಿಗಳು ಆ ಕೇಂದ್ರಗಳಿಗೆ ಬಂದವು. ಅವುಗಳಲ್ಲಿ ಖಿನ್ನತೆಗೆಂದು ಇದ್ದದ್ದು ಅಮಿಟ್ರಿಪ್ಟಿಲಿನ್. ಇಂದಿನ ಖಿನ್ನತೆಯ ಮಾತ್ರೆಗಳಲ್ಲೊಂದಾದ ಫ್ಲೂಆಕ್ಸೆಟಿನ್‌ಗೆ ಅಮೆರಿಕದಲ್ಲೇ ಒಪ್ಪಿಗೆ ಸಿಕ್ಕಿದ್ದು 1987ರ ಕೊನೆಗೆ. ಅಂದರೆ ಇಂದಿನ ಮಾತ್ರೆಗಳಿಗಿಂತ ಎಷ್ಟೋ ಅಪಾಯದ, ಪ್ರಮಾಣ ಮೀರಿದರೆ ಹೃದಯಕ್ಕೇ ಕುತ್ತಾಗುವ ಔಷಧಿಯನ್ನು ನಮ್ಮ ಹಳ್ಳಿಯ ಡಾಕ್ಟರುಗಳು ನಲವತ್ತು ವರ್ಷದ ಹಿಂದೆಯೇ ಬರೆಯುತ್ತಿದ್ದರು. ಇದೇ ಮಾದರಿಯನ್ನು ಕೇಂದ್ರ ಸರ್ಕಾರ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವೆಂದು ನಾಲ್ಕು ಜಿಲ್ಲೆಗಳಲ್ಲಿ ಆರಂಭಿಸಿತು. ಇಂದು ಅದು 700ಕ್ಕೂ ಹೆಚ್ಚು ಜಿಲ್ಲೆಗಳಿಗೆ ಹಬ್ಬಿದೆ.

ಬಳ್ಳಾರಿ ಮಾದರಿ ಎಂದೊಡನೆ ಎಲ್ಲರಿಗೂ ನೆನಪಾಗುವುದು ತರಬೇತಿ ಮತ್ತು ಔಷಧಿ. ಮಾದರಿಯ ಇನ್ನರ್ಧವನ್ನು ಯಾರೂ ಎತ್ತುವುದಿಲ್ಲ. ಪ್ರತಿ ರೋಗಿಗೂ ಒಂದು ಸರಳ ದಾಖಲೆ ಇತ್ತು. ಮುಂದಿನ ಮೇಲ್ವಿಚಾರಣೆಯಲ್ಲಿ ಆರೋಗ್ಯ ಕಾರ್ಯಕರ್ತರಿಗೂ ಪಾಲಿತ್ತು. ತಿಂಗಳಿಗೊಮ್ಮೆ ವರದಿ ಹೋಗುತ್ತಿತ್ತು. ವೈದ್ಯಾಧಿಕಾರಿಗಳ ಮಾಸಿಕ ಸಭೆಯಲ್ಲಿ ಜಿಲ್ಲಾ ಆರೋಗ್ಯಾಧಿಕಾರಿ ಅದನ್ನು ಪರಿಶೀಲಿಸುತ್ತಿದ್ದರು. ಕೈಮೀರಿದವರನ್ನು ನೋಡಲು ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದರು. ಗುಳಿಗೆ ಕೊಟ್ಟ ಮೇಲೆ ಆ ಮನುಷ್ಯ ಏನಾದ ಎಂದು ಕೇಳುವವರು ಇದ್ದರು ಎಂಬುದೇ ಆ ಪ್ರಯೋಗದ ಜೀವಾಳ.

ಇದೇಕೆ ಮುಖ್ಯ ಎಂಬುದಕ್ಕೆ ಒಂದು ಅಂಕಿ ಸಾಕು. 2004ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ, ಖಿನ್ನತೆಯ ಗುಳಿಗೆಗಳ ಬಗ್ಗೆ ಮಕ್ಕಳು ಮತ್ತು ಹದಿಹರೆಯದವರ ಮೇಲೆ ನಡೆದ 24 ಪರೀಕ್ಷೆಗಳನ್ನು ಒಟ್ಟಿಗೆ ಇಟ್ಟು ನೋಡಿತು. ಸುಳ್ಳು ಮಾತ್ರೆ ನುಂಗಿದವರಲ್ಲಿ ನೂರಕ್ಕೆ ಸುಮಾರು ಇಬ್ಬರಿಗೆ ಆತ್ಮಹತ್ಯೆಯ ಯೋಚನೆ ಅಥವಾ ಯತ್ನ ಕಂಡಿದ್ದರೆ, ನಿಜವಾದ ಮಾತ್ರೆ ನುಂಗಿದವರಲ್ಲಿ ನಾಲ್ವರಿಗೆ ಕಂಡಿತ್ತು. ಆ ಪರೀಕ್ಷೆಗಳಲ್ಲಿ ಒಬ್ಬರೂ ಸತ್ತಿರಲಿಲ್ಲ. ಇದರಿಂದಾಗಿ ಕೊಟ್ಟ ಎಚ್ಚರಿಕೆಯನ್ನು 2007ರಲ್ಲಿ 24 ವರ್ಷದವರೆಗೆ ವಿಸ್ತರಿಸಿದರು. ಅದಕ್ಕಿಂತ ದೊಡ್ಡವರಲ್ಲಿ ಈ ಏರಿಕೆ ಕಾಣಲಿಲ್ಲ. 65 ದಾಟಿದವರಲ್ಲಿ ಅಪಾಯ ಇಳಿದೇ ಇತ್ತು. ಹಾಗಾಗಿ ಗುಳಿಗೆ ಕಂಡರೆ ಹೆದರಬೇಕಿಲ್ಲ. ಶುರುವಿನ ಕೆಲವು ವಾರ, ಅದರಲ್ಲೂ ಎಳೆಯರನ್ನು, ಒಂಟಿಯಾಗಿ ಬಿಡಬಾರದು, ಅಷ್ಟೆ. ಬ್ರಿಟನ್ನಿನ 2022ರ ಮಾರ್ಗಸೂಚಿ ಹೇಳುವುದೂ ಇದನ್ನೇ: ಗುಳಿಗೆ ಶುರುವಾದ ಎರಡು ವಾರದೊಳಗೆ ಮರುಭೇಟಿ, 18ರಿಂದ 25ರ ವಯಸ್ಸಿನವರಿಗೆ, ಆತ್ಮಹತ್ಯೆಯ ಆತಂಕ ಇದ್ದವರಿಗೆ ಒಂದೇ ವಾರ. ಆ ದೇಶದಲ್ಲೂ ಇಂಥ ಗುಳಿಗೆಯನ್ನು ಹೆಚ್ಚಾಗಿ ಬರೆಯುವವರು ಫ್ಯಾಮಿಲಿ ಡಾಕ್ಟರುಗಳೇ.

ನಮ್ಮಲ್ಲಿ ಆಗುವುದೇನು? ಕುರುಗೋಡಿನ ಹೆಣ್ಣುಮಗಳೊಬ್ಬಳು ಡಾಕ್ಟರ ಬಳಿ ಬಂದು ‘ಮನಸ್ಸಿಗೆ ಖಿನ್ನತೆ’ ಎನ್ನುವುದಿಲ್ಲ. ‘ಎದಿ ಡವಡವ ಅಂತೈತ್ರಿ, ನಿದ್ದಿ ಬರಂಗಿಲ್ಲ, ಊಟ ಸೇರಂಗಿಲ್ಲ’ ಎನ್ನುತ್ತಾಳೆ. ಒಳ್ಳೆಯ ಡಾಕ್ಟರು ಅಷ್ಟರಲ್ಲೇ ಹಿಡಿದು ಗುಳಿಗೆ ಬರೆಯುತ್ತಾರೆ. ಆಮೇಲೆ ಮೊದಲ ವಾರ ವಾಕರಿಕೆ, ತಲೆನೋವು, ಚಡಪಡಿಕೆ. ಮನಸ್ಸು ಹಗುರಾಗಲು ಎರಡರಿಂದ ನಾಲ್ಕು ವಾರ ಬೇಕು ಎಂದು ಯಾರೂ ಹೇಳಿರುವುದಿಲ್ಲ. ‘ಈ ಗುಳಿಗಿ ನಂಗೆ ಆಗಿಬರಲ್ಲ’ ಎಂದು ಅವಳು ಬಿಡುತ್ತಾಳೆ. ಇಲ್ಲವೇ ಅದೇ ಹಳೇ ಚೀಟಿ ಹಿಡಿದು ಮೆಡಿಕಲ್ ಶಾಪಿನಿಂದ ತಿಂಗಳುಗಟ್ಟಲೆ ತರಿಸಿ ನುಂಗುತ್ತಾಳೆ. ಜೊತೆಗೆ ಬರೆದಿದ್ದ ನಿದ್ದೆ ಗುಳಿಗೆ ಅಷ್ಟರಲ್ಲಿ ಚಟವಾಗಿರುತ್ತದೆ. ಎರಡೂ ಅಪಾಯವೇ. ಹಠಾತ್ತನೆ ಬಿಟ್ಟರೆ ತಲೆಸುತ್ತು, ತಳಮಳ ಹಿಡಿಯುತ್ತದೆ. ಗುಣ ಕಂಡ ಮೇಲೂ ಸಾಮಾನ್ಯವಾಗಿ ಆರು ತಿಂಗಳಾದರೂ ಮುಂದುವರಿಸಿ, ಆಮೇಲೆ ಡಾಕ್ಟರನ್ನು ಕೇಳಿಯೇ ನಿಧಾನಕ್ಕೆ ಇಳಿಸಬೇಕು.

ಬರೆಯುವ ಮುನ್ನ ಡಾಕ್ಟರು ಕೇಳಬೇಕಾದ ಮಾತುಗಳು ಐದು ನಿಮಿಷದವು. ಹಿಂದೆಂದಾದರೂ ನಿದ್ದೆಯಿಲ್ಲದೆಯೂ ದಣಿಯದೆ, ಅತಿಯಾಗಿ ಮಾತಾಡುತ್ತ, ಕೈಗೆ ಬಂದಂತೆ ಖರ್ಚು ಮಾಡಿದ ದಿನಗಳಿದ್ದವೇ? ಇದ್ದರೆ ಈ ಗುಳಿಗೆಯೇ ಉನ್ಮಾದಕ್ಕೆ ದಾರಿಯಾಗಬಹುದು, ಅಂಥವರು ಮನೋವೈದ್ಯರ ಬಳಿಗೇ ಹೋಗಬೇಕು. ಮೊಣಕಾಲು ನೋವಿಗೆ ಏನು ನುಂಗುತ್ತಿದ್ದೀರಿ? ಕೆಲವು ನೋವಿನ ಮಾತ್ರೆಗಳು ಈ ಗುಳಿಗೆಯ ಜೊತೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವವಾಗಬಹುದು. ಟ್ರಮಡಾಲ್ ಎಂಬ ನೋವಿನ ಮಾತ್ರೆ ಇನ್ನೂ ಅಪಾಯ. ಸಾಯಬೇಕು ಎನಿಸುತ್ತಿದೆಯೇ? ಈ ಪ್ರಶ್ನೆ ಕೇಳಿದರೆ ಯೋಚನೆ ಹುಟ್ಟುತ್ತದೆ ಎಂಬುದು ಸುಳ್ಳು. ಕೇಳಿಯೇ ಕೇಳಬೇಕು.

ಸಿರುಗುಪ್ಪದ ಭತ್ತದ ಸೀಮೆಯಲ್ಲಿ ಇನ್ನೊಂದು ಪ್ರಶ್ನೆಯೂ ಇದೆ: ಮನೆಯಲ್ಲಿ ಬೆಳೆಗೆ ಹೊಡೆಯುವ ಎಣ್ಣೆ ಇಟ್ಟಿದ್ದೀರಾ? ಹಾಗಿದ್ದರೆ ಅದು ಬೀಗದೊಳಗೆ ಅಥವಾ ಬೇರೆಯವರ ಮನೆಗೆ ಹೋಗಬೇಕು. ಗುಳಿಗೆಯೂ ಮೊದಲಿಗೆ ಒಂದೆರಡು ವಾರಕ್ಕಾಗುವಷ್ಟೇ ಸಾಕು, ಅದು ಮನೆಯವರ ಕೈಯಲ್ಲಿರಲಿ.

ಮನೋವೈದ್ಯರೇ ಬೇಕು ಎನ್ನುವವರು ಒಂದು ಲೆಕ್ಕ ನೋಡಬೇಕು. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಖಿನ್ನತೆ ಇರುವವರಲ್ಲಿ ನೂರಕ್ಕೆ 85 ಮಂದಿಗೆ ಚಿಕಿತ್ಸೆಯೇ ಸಿಗುತ್ತಿಲ್ಲ. ಗಡಿಯ ಹಳ್ಳಿಯಿಂದ ಬಳ್ಳಾರಿಗೆ ಬಂದು ಹೋಗುವುದೆಂದರೆ ಒಂದು ದಿನದ ಕೂಲಿ ಹೋದಂತೆ. ಅವರಿಗೆ ಹತ್ತಿರದ ಡಾಕ್ಟರ ಬಾಗಿಲು ಮುಚ್ಚಿದರೆ ಬೇರೊಂದು ಬಾಗಿಲು ತೆರೆಯುವುದಿಲ್ಲ. ಹಾಗೆಂದು ಚೀಟಿ ಬರೆದು ಕಳಿಸಿ ಕೈತೊಳೆದುಕೊಳ್ಳುವ ಡಾಕ್ಟರನ್ನೂ ನಾನು ಸಮರ್ಥಿಸುವುದಿಲ್ಲ. ಆಶಾ ಕಾರ್ಯಕರ್ತೆ ಬಾಣಂತಿಯ ಮನೆಗೆ ಹೋಗುತ್ತಾಳೆ, ಕ್ಷಯದವರ ಗುಳಿಗೆ ವಿಚಾರಿಸುತ್ತಾಳೆ. ಈ ರೋಗಿಗಳ ಎರಡನೇ ವಾರವೂ ಅವಳ ಪಟ್ಟಿಗೆ ಸೇರಲಿ, ಆ ಕೆಲಸಕ್ಕೆ ತಕ್ಕ ಹಣವೂ ಸಿಗಲಿ. ಇದಕ್ಕೆ ಹೊಸ ಯೋಜನೆ ಬೇಡ. 1985ರಲ್ಲಿ ಇದೇ ಜಿಲ್ಲೆ ಮಾಡಿ ತೋರಿಸಿದ್ದನ್ನು ಮತ್ತೆ ಮಾಡಿದರೆ ಸಾಕು.

ನಿಮ್ಮ ಮನೆಯಲ್ಲಿ ಯಾರಿಗಾದರೂ ಈ ವಾರ ಗುಳಿಗೆ ಶುರುವಾಗಿದ್ದರೆ, ಮರುಭೇಟಿಯ ದಿನಾಂಕವನ್ನು ಚೀಟಿಯ ಮೇಲೆ ಡಾಕ್ಟರಿಂದಲೇ ಬರೆಸಿಕೊಳ್ಳಿ. ಚಡಪಡಿಕೆ ಹೆಚ್ಚಿದರೆ, ಸಾವಿನ ಮಾತು ಬಂದರೆ ಆ ದಿನಾಂಕಕ್ಕೆ ಕಾಯಬೇಡಿ. ಅವರನ್ನು ಒಂಟಿಯಾಗಿ ಬಿಡದೆ ಕೂಡಲೇ ಡಾಕ್ಟರ ಬಳಿಗೆ ಕರೆದೊಯ್ಯಿರಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ.