ಹಿಮ ಕರಗುವ ತಿಂಗಳಿನ ಬೇಸಾಯ

ಸುಮಾರು 40 ಲೀಟರು ರಸವನ್ನು ಕಾಯಿಸಿ ಕಾಯಿಸಿ ಕಡೆಗೆ ಒಂದು ಲೀಟರು ಪಾಕವನ್ನು ಪಡೆಯುವ ಕೆಲಸವನ್ನು ಲಾಭದ ಉದ್ಯೋಗವೆಂದು ಒಪ್ಪುವುದಕ್ಕೆ ಯಾವ ಲೆಕ್ಕಿಗನಿಗೂ ಸುಲಭದಲ್ಲಿ ಮನಸ್ಸು ಬಾರದು. ರಸವನ್ನು ಕೊಡುವಷ್ಟು ದಪ್ಪಗಾಗಬೇಕಾದರೆ ಮೇಪಲ್ ಮರಕ್ಕೆ 40 ವರ್ಷಗಳ ಮೇಲೆಯೇ ಹಿಡಿಯುತ್ತದೆ; ಅಷ್ಟು ಕಾಯ್ದವನಿಗೆ ಮರದಲ್ಲಿ ಕೊರೆದ ಒಂದು ರಂಧ್ರದಿಂದ ಒಂದು ಋತುವಿನಲ್ಲಿ ದೊರೆಯುವ ಪಾಕವಾದರೋ, ಹಳೆಯ ಬಕೆಟ್ಟಿನ ಪದ್ಧತಿಯಲ್ಲಿ, ಹೆಚ್ಚುಕಡಿಮೆ ಒಂದು ಲೀಟರು. ಹೀಗಿದ್ದರೂ ಅಮೆರಿಕದ ಈಶಾನ್ಯ ಮೂಲೆಯಲ್ಲಿ ಕೆನಡಾದ ಗಡಿಗೆ ತಾಗಿಕೊಂಡಿರುವ ವರ್ಮಾಂಟ್ ಎಂಬ ಪುಟ್ಟ ಸಂಸ್ಥಾನದ ಸಣ್ಣ ಒಕ್ಕಲುಗಳು ಇನ್ನೂರು ವರ್ಷಗಳಿಗೂ ಮಿಗಿಲಾಗಿ ಈ ಕೆಲಸವನ್ನು ಕೈಬಿಡದೆ ನಡೆಸಿಕೊಂಡು ಬಂದಿವೆ. ಇಂದಿಗೂ ಅಮೆರಿಕದ ಮೇಪಲ್ ಪಾಕದಲ್ಲಿ ಅರ್ಧದಷ್ಟು ಅಲ್ಲಿಯದೇ. ಆ ಒಕ್ಕಲಿಗರು ಲೆಕ್ಕ ಬಾರದವರೆಂದು ಯಾರೂ ತಿಳಿಯಬೇಕಾದುದಿಲ್ಲ. ಲೆಕ್ಕಿಗನು ಪಾಕವೊಂದನ್ನೇ ಬೇರೆ ಮಾಡಿ ತಕ್ಕಡಿಯಲ್ಲಿಡುತ್ತಾನೆ. ಒಕ್ಕಲಿಗನು ಅದನ್ನು ಹೊಲ, ಕೊಟ್ಟಿಗೆ, ಕಾಡು, ಮನೆಮಂದಿಯ ಬಿಡುವು ಇವೆಲ್ಲದರ ಜೊತೆಗೆ ಕೂಡಿಸಿ ತೂಗುತ್ತಾನೆ. ಎರಡನೆಯ ತೂಕವೇ ಸರಿಯಾದುದೆಂಬುದು ನನ್ನ ಅಭಿಪ್ರಾಯ. ಸರಕಾರಗಳೂ ಕೊಳ್ಳುವವರೂ ಮೊದಲನೆಯ ತೂಕಕ್ಕೆ ಮರುಳಾಗುತ್ತಿರುವುದರಿಂದಲೇ ಈ ಮಾತನ್ನು ಬರೆಯಬೇಕಾಗಿ ಬಂದಿದೆ.

ಅಲ್ಲಿಯ ಸಣ್ಣ ಒಕ್ಕಲೆಂದರೆ ಸಾಮಾನ್ಯವಾಗಿ ಹಸುಗಳ ಕೊಟ್ಟಿಗೆ, ಹುಲ್ಲುಗಾವಲು, ಸ್ವಲ್ಪ ಮುಸುಕಿನ ಜೋಳದ ಹೊಲ, ಇವುಗಳ ಬೆನ್ನಿಗೆ ಗುಡ್ಡದ ಇಳಿಜಾರಿನಲ್ಲಿ ಮನೆತನದ ಸ್ವಂತ ಕಾಡು. ಫೆಬ್ರವರಿಯ ಕೊನೆಯಿಂದ ಏಪ್ರಿಲಿನ ಮಧ್ಯದವರೆಗೆ ಅಲ್ಲಿ ನೆಲವು ಒಂದೋ ನೇಗಿಲು ಇಳಿಯದಷ್ಟು ಕಲ್ಲಾಗಿರುತ್ತದೆ, ಇಲ್ಲವೇ ಹಿಮ ಕರಗಿ ಬಂಡಿಯ ಗಾಲಿ ಹೂತುಹೋಗುವಷ್ಟು ಕೆಸರಾಗಿರುತ್ತದೆ. ಹಾಲು ಕರೆಯುವುದೊಂದನ್ನು ಬಿಟ್ಟರೆ ಬೇಸಾಯಗಾರನ ಕೈಗೆ ಬೇರೆ ಕೆಲಸವಿಲ್ಲ. ಮರವು ರಸವನ್ನು ಕೊಡುವುದು ಆ ಆರೇಳು ವಾರಗಳಲ್ಲಿಯೇ. ಬೀಜ, ಗೊಬ್ಬರ, ಕಂದಾಯ ಇವುಗಳಿಗೆ ದುಡ್ಡು ಒದಗಬೇಕಾದ ಹೊತ್ತಿಗೆ ಸರಿಯಾಗಿ ಪಾಕದ ಹಣ ಮನೆಗೆ ಬರುತ್ತದೆ. ಒಲೆಗೆ ಬೇಕಾದ ಸೌದೆಯೂ ಹೊರಗಿನದಲ್ಲ. ಮೇಪಲ್ ಮರಗಳ ನೆತ್ತಿಗೆ ಬಿಸಿಲು ಬೀಳಬೇಕಾದರೆ ಸುತ್ತಲಿನ ಕೊಂಕು ಮರಗಳನ್ನೂ ರೋಗ ತಗುಲಿದವನ್ನೂ ಹೇಗಾದರೂ ಕಡಿಯಲೇ ಬೇಕು, ಕಡಿದದ್ದು ಒಲೆಗೆ ಬರುತ್ತದೆ. ಹಳೆಯ ಮಾದರಿಯ ಒಲೆಯಲ್ಲಿ 25 ಗ್ಯಾಲನ್ ಪಾಕಕ್ಕೆ ಒಂದು ಕಾರ್ಡ್ ಸೌದೆ, ಎಂದರೆ 4 ಅಡಿ ಅಗಲ, 4 ಅಡಿ ಎತ್ತರ, 8 ಅಡಿ ಉದ್ದದ ಒಟ್ಟಿಲು ಬೇಕೆಂದು ಹಿರಿಯರ ಲೆಕ್ಕ. ಈ ಸೌದೆಯನ್ನೂ ಮನೆಮಂದಿಯ ಶ್ರಮವನ್ನೂ ಪೇಟೆಯ ದರದಲ್ಲಿ ಖರ್ಚಿನ ಕಡೆಗೆ ಬರೆದುಬಿಟ್ಟರೆ ನಷ್ಟವಲ್ಲದೆ ಮತ್ತೇನು ಕಂಡೀತು?

ರಸ ಹರಿಯುವ ಕ್ರಮವಂತೂ ಸೋಜಿಗದ್ದು. ರಾತ್ರಿ ಹೆಪ್ಪುಗಟ್ಟಬೇಕು, ಹಗಲು ಕರಗಬೇಕು. ಎರಡರಲ್ಲಿ ಒಂದು ತಪ್ಪಿದರೂ ಬಕೆಟ್ಟು ಬರಿದು. ಮೇಪಲ್ಲಿನ ಕಾಷ್ಠತಂತುಗಳೊಳಗೆ ನೀರಿಗೆ ಬದಲಾಗಿ ಅನಿಲ ತುಂಬಿರುತ್ತದೆ. ಉಷ್ಣತೆ 0 ಡಿಗ್ರಿಗಿಂತ ಕೆಳಗಿಳಿದ ರಾತ್ರಿಯಲ್ಲಿ ಆ ಅನಿಲವು ಸಂಕೋಚಗೊಂಡು, ತಂತುಗಳ ಒಳಗೋಡೆಗೆ ಮಂಜು ಕಟ್ಟುತ್ತಾ, ಬೇರುಗಳಿಂದ ನೀರನ್ನು ಮೇಲಕ್ಕೆ ಸೆಳೆಯುತ್ತದೆ; ಮಾರನೆಯ ದಿನ ಬಿಸಿಲೇರಿ ಉಷ್ಣತೆಯು 4-5 ಡಿಗ್ರಿಗೆ ಬಂದಾಗ ಮಂಜು ಕರಗಿ, ಅನಿಲ ಹಿಗ್ಗಿ, ಒಳಗೆ ಒತ್ತಡ ಹುಟ್ಟಿ, ಗಾಯ ಮಾಡಿದ ಕಡೆಯಲ್ಲಿ ರಸವು ತೊಟ್ಟಿಕ್ಕತೊಡಗುತ್ತದೆ. ಹಿಂದಿನ ಬೇಸಗೆಯಲ್ಲಿ ಎಲೆಗಳು ದುಡಿದು ಪಿಷ್ಟವಾಗಿ ಕೂಡಿಟ್ಟಿದ್ದುದೇ ಈಗ ಸಕ್ಕರೆಯಾಗಿ ಆ ರಸದಲ್ಲಿರುವುದು, ಅದೂ ನೂರಕ್ಕೆ ಎರಡು ಪಾಲಿನಷ್ಟು. ನಾಲಗೆಗೆ ಅದು ಸಿಹಿನೀರೆನ್ನುವುದಕ್ಕಿಂತ ನೀರೇ.

ಮರಕ್ಕೆ ಬೈರಿಗೆ ಹಾಕುವುದರಲ್ಲಿಯೂ ಒಂದು ಶಾಸ್ತ್ರವುಂಟು. ಕಿರುಬೆರಳೂ ಹೊಗದಷ್ಟು, ಸುಮಾರು 8 ಮಿಲಿಮೀಟರು ಅಗಲದ ರಂಧ್ರವನ್ನು ಎರಡಂಗುಲಕ್ಕೆ ಮೀರದ ಆಳಕ್ಕೆ, ರಸ ಹೊರಕ್ಕೆ ಜಾರುವಂತೆ ತುಸು ಮೇಲ್ಮುಖವಾಗಿ ಕೊರೆಯಬೇಕು. ಬೈರಿಗೆಯ ಜೊತೆ ಹೊರಬೀಳುವ ಹುಡಿ ಬೆಣ್ಣೆಯ ಬಣ್ಣದ್ದಾಗಿದ್ದರೆ ಜೀವಂತವಾದ ಮರ. ಕಂದುಬಣ್ಣದ್ದು ಬಂದರೆ ಅದು ಯಾವಾಗಲೋ ಕೊರೆದ ಹಳೆಯ ಗಾಯದ ಸತ್ತ ಭಾಗವೆಂದು ತಿಳಿದು, ಅಲ್ಲಿ ನಳಿಕೆಯನ್ನು ಬಡಿಯದೆ ಬೇರೆ ಕಡೆ ಹುಡುಕಬೇಕು. ಗಾಯದ ಮೇಲೂ ಕೆಳಗೂ ಮರವು ಗೆರೆಯಂತೆ ಸತ್ತಿರುವುದರಿಂದ ಹೊಸ ರಂಧ್ರವನ್ನು ಪ್ರತಿವರ್ಷವೂ ಹಳೆಯದರಿಂದ ಪಕ್ಕಕ್ಕೆ ಸರಿಸಿ ಕೊರೆಯುತ್ತಾರೆ. ಅಜ್ಜ ಕೊರೆದ ಮರವನ್ನು ಮೊಮ್ಮಗ ಕೊರೆಯಬೇಕಾದರೆ ಈ ಸಂಯಮವಿಲ್ಲದೆ ಆಗದು. ವರ್ಮಾಂಟಿನಲ್ಲಿ ಮಾರ್ಚಿಯ ಮೊದಲ ಮಂಗಳವಾರ ಊರಿನವರೆಲ್ಲ ಸಭೆ ಸೇರಿ ಆಯವ್ಯಯಗಳನ್ನು ನಿರ್ಣಯಿಸುವ ಪದ್ಧತಿಯಿದೆ. ಆ ಸಭೆಯ ದಿನವೇ ಮರ ಕೊರೆಯುವುದಕ್ಕೂ ಮುಹೂರ್ತವೆಂದು ಹಿಂದಿನವರು ಎಣಿಸಿದ್ದರು. ಈಚೆಗೆ ಚಳಿಗಾಲವೇ ಸಡಿಲಾಗಿರುವುದರಿಂದ ಫೆಬ್ರವರಿಯ ಆದಿಯಲ್ಲಿಯೇ, ಕೆಲವರು ಅದಕ್ಕೂ ಮೊದಲೇ, ಬೈರಿಗೆ ಹಿಡಿಯುತ್ತಾರೆ. ಹಿಂದಿನ ಮುಹೂರ್ತವನ್ನೇ ಪಾಲಿಸುವವನು ಒಳ್ಳೆಯ ರಸದ ದಿನಗಳನ್ನು ಕಳೆದುಕೊಳ್ಳುತ್ತಾನೆ.

ಬಂದ ರಸವನ್ನು ಇಟ್ಟುಕೊಳ್ಳುವಂತಿಲ್ಲ, ಹಾಲಿನ ಹಾಗೆ ಅದೂ ಕೆಡುವ ಪದಾರ್ಥ. ಆದುದರಿಂದ ಹೊಳೆ ಹರಿದಂತೆ ರಸ ಬಂದ ದಿನ ರಾತ್ರಿಯೆಲ್ಲ ಒಲೆ ಉರಿಯುತ್ತದೆ. ಪಾಕದ ಮನೆಯೆಂಬುದು ಕಾಡಿನಂಚಿನ ಒಂದು ಹಲಗೆಯ ಕಟ್ಟಡ. ಅದರ ಮಾಡಿನ ನೆತ್ತಿಯಲ್ಲಿ ಹಬೆ ಹೋಗುವುದಕ್ಕೆಂದು ತೆರೆದಿಡುವ ಬಾಗಿಲುಗಳು. ಒಳಗೆ ಉದ್ದವಾದ ಚಪ್ಪಟೆ ಬಾಣಲೆ. ಅದರೊಳಗೆ ಅಡ್ಡಗೋಡೆಗಳ ಓಣಿಗಳು. ಒಂದು ತುದಿಯಿಂದ ಬರುವ ತೆಳುರಸವು ಓಣಿಯಿಂದ ಓಣಿಗೆ ತಿರುಗುತ್ತಾ ಗಟ್ಟಿಯಾಗುತ್ತಾ ಇನ್ನೊಂದು ತುದಿಗೆ ಬರುವಷ್ಟರಲ್ಲಿ ಜೇನಿನ ಬಣ್ಣಕ್ಕೆ ತಿರುಗಿರುತ್ತದೆ. ನೊರೆ ಉಕ್ಕಿದರೆ ಒಂದು ತೊಟ್ಟು ಹಾಲಿನ ಕೆನೆಯನ್ನು ಬಿಡುತ್ತಾರೆ. ಬಾಣಲೆಯ ಅಗಲದ ನೊರೆಯೆಲ್ಲ ಕಣ್ಣೆದುರಿಗೇ ಕುಸಿದುಹೋಗುತ್ತದೆ. ನೀರು ಕುದಿಯುವ ಉಷ್ಣತೆಗಿಂತ ಸುಮಾರು 4 ಡಿಗ್ರಿ ಸೆಂಟಿಗ್ರೇಡ್ ಮೇಲೇರಿದಾಗ ಪಾಕ ಬಂತೆಂದು ಲೆಕ್ಕ. ಆದರೆ ಗಾಳಿಯ ಒತ್ತಡ ಬದಲಾದಂತೆ ನೀರಿನ ಕುದಿಬಿಂದುವೂ ಬದಲಾಗುವುದರಿಂದ, ಬಲ್ಲವನು ಪ್ರತಿದಿನವೂ ಬರಿಯ ನೀರನ್ನು ಕುದಿಸಿ ಅಂದಿನ ಅಳತೆಯನ್ನು ನೋಡಿಕೊಳ್ಳುತ್ತಾನೆ. ಮುದುಕರು ಮಾತ್ರ ಚಪ್ಪಟೆ ಸೌಟನ್ನು ಅದ್ದಿ ಎತ್ತಿ ಹಿಡಿಯುತ್ತಾರೆ. ಪಾಕವಿನ್ನೂ ಎಳೆಯದಾದರೆ ಹನಿಹನಿಯಾಗಿ ಬೀಳುತ್ತದೆ. ಹದಕ್ಕೆ ಬಂದಿದ್ದರೆ ಹನಿಗಳು ಒಂದಕ್ಕೊಂದು ಕೂಡಿಕೊಂಡು ಸೌಟಿನ ಅಂಚಿನಿಂದ ಅಗಲವಾದ ಪರದೆಯಾಗಿ ಇಳಿಬಿದ್ದು ಮುರಿಯುತ್ತವೆ. ನಮ್ಮ ಆಲೆಮನೆಯಲ್ಲಿ ಬೆಳೆದವನು ಈ ಸೌಟನ್ನು ಹಿಡಿದವನ ಮುಖವನ್ನು ಕಂಡರೆ ಭಾಷೆ ಬಾರದಿದ್ದರೂ ವಿಷಯವನ್ನು ತಿಳಿದುಕೊಂಡಾನು; ಇಳಿಸಿದ ಪದಾರ್ಥವೂ ಜೋನಿಬೆಲ್ಲಕ್ಕೆ ದೂರದ ದಾಯಾದಿಯೇ.

ಮೊದಮೊದಲಿನ ಪಾಕ ತಿಳಿಬಣ್ಣದ್ದು. ದಿನಗಳು ಬೆಚ್ಚಗಾದಂತೆ ರಸದಲ್ಲಿ ಸೂಕ್ಷ್ಮಜೀವಿಗಳು ಹೆಚ್ಚಿ ಸಕ್ಕರೆಯನ್ನು ಒಡೆಯುವುದರಿಂದ ಬಣ್ಣವೂ ರುಚಿಯೂ ಗಾಢವಾಗುತ್ತವೆ. ಈ ಕಡುಬಣ್ಣದ ಪಾಕವನ್ನು ಬಹುಕಾಲ ಎರಡನೆಯ ದರ್ಜೆಯೆಂದು ಅಗ್ಗಕ್ಕೆ ಮಾರುತ್ತಿದ್ದರು. 2014ರಲ್ಲಿ ವರ್ಮಾಂಟ್ ಆ ಭೇದವನ್ನು ತೆಗೆದುಹಾಕಿ, ನಾಲ್ಕು ಬಣ್ಣಗಳಿಗೂ ಒಂದೇ ದರ್ಜೆಯನ್ನು ಕೊಟ್ಟಿತು. ನನಗಂತೂ ಕಡುಬಣ್ಣದ್ದೇ ರುಚಿ. ಮರದ ಮೊಗ್ಗು ಉಬ್ಬತೊಡಗಿತೆಂದರೆ ಪಾಕಕ್ಕೆ ಒಂದು ಬಗೆಯ ಕೆಟ್ಟ ವಾಸನೆ ಹತ್ತುತ್ತದೆ. ಅಲ್ಲಿಗೆ ಋತು ಮುಗಿಯಿತು.

ಈ ಕಸುಬಿಗೆ ಆದಿಗುರುಗಳು ಆ ನೆಲದ ಮೂಲನಿವಾಸಿಗಳು. ಅಬೆನಾಕಿ, ಅನಿಶಿನಾಬೆ ಮೊದಲಾದ ಜನಾಂಗಗಳವರು ಯುರೋಪಿನವರು ಬರುವ ಮುಂಚೆಯೇ ಭೂರ್ಜಪತ್ರದ ಪಾತ್ರೆಗಳಲ್ಲಿ ರಸವನ್ನು ಹಿಡಿಯುವುದನ್ನು ಬಲ್ಲವರಾಗಿದ್ದರು. ವಲಸೆ ಬಂದವರು ಕಲಿತುಕೊಂಡ ಬಳಿಕ ಈ ಸಕ್ಕರೆಗೆ ಒಂದು ಧರ್ಮಸೂಕ್ಷ್ಮವೂ ಸೇರಿತು. ಕಬ್ಬಿನ ಸಕ್ಕರೆ ವೆಸ್ಟ್ ಇಂಡೀಸಿನ ಗುಲಾಮರ ನೆತ್ತರಿನಿಂದ ಬರುವುದೆಂದು ನೊಂದವರಲ್ಲಿ ಫಿಲಡೆಲ್ಫಿಯದ ವೈದ್ಯ ಬೆಂಜಮಿನ್ ರಷ್ ಒಬ್ಬರು. 1791ರಲ್ಲಿ ಅವರು ಥಾಮಸ್ ಜೆಫರ್ಸನ್ನರನ್ನು ಸಂಬೋಧಿಸಿ, ಮೇಪಲ್ ಮರವನ್ನು ಕುರಿತು ಒಂದು ದೀರ್ಘಪತ್ರವನ್ನೇ ಬರೆದರು. ಸ್ವತಃ ಗುಲಾಮರ ಒಡೆಯರಾಗಿದ್ದ ಜೆಫರ್ಸನ್ನರು ಉತ್ಸಾಹದಿಂದ ವರ್ಜೀನಿಯದ ತಮ್ಮ ಮಾಂಟಿಸೆಲ್ಲೋ ಎಸ್ಟೇಟಿನಲ್ಲಿ ಮೇಪಲ್ ಸಸಿಗಳನ್ನು ನೆಡಿಸಿದರು; ಆ ತೋಟ ಕೈಗೂಡಲಿಲ್ಲ. ನ್ಯೂಯಾರ್ಕ್ ಸಂಸ್ಥಾನದಲ್ಲಿ ಸಾವಿರಾರು ಎಕರೆಗಳ ಒಡೆಯನಾಗಿದ್ದ ವಿಲಿಯಂ ಕೂಪರ್ ದೊಡ್ಡ ಪ್ರಮಾಣದಲ್ಲಿ ಈ ಸಕ್ಕರೆಯನ್ನು ಮಾಡಿಸಿ ಮಾರುವ ಸಾಹಸಕ್ಕೆ ಕೈಹಾಕಿದನು, ಅದೂ ನಿಲ್ಲಲಿಲ್ಲ. ಜಮೀನುದಾರರ ಯೋಜನೆಗಳು ಮುಳುಗಿದರೂ, ಅದೇ ಕಾಲದಲ್ಲಿ ತನ್ನ ಕಾಡಿನ ಕೆಲವು ನೂರು ಮರಗಳನ್ನು ನೋಡಿಕೊಂಡಿದ್ದ ಸಣ್ಣ ಒಕ್ಕಲಿಗನ ಪಾಕ ಮುಳುಗಲಿಲ್ಲ. ಬೇಸಾಯದ ಒಂದು ಅಂಗವಾಗಿ ಬದುಕುವ ಈ ಕಸುಬನ್ನು ಕತ್ತರಿಸಿ ತೆಗೆದು ಪ್ರತ್ಯೇಕವಾಗಿ ನೆಟ್ಟವರು ಅಂದೂ ಫಲ ಕಾಣಲಿಲ್ಲವೆಂಬುದನ್ನು ಇಂದಿನ ಬಂಡವಾಳಗಾರರು ಓದಿಕೊಂಡಿದ್ದರೆ ಚೆನ್ನಾಗಿತ್ತು.

ಇಂದಿನ ಸ್ಥಿತಿ ಬೇರೆಯೆಂದು ಅವರು ಹೇಳಬಹುದು, ಹೇಳುವುದರಲ್ಲಿ ಸತ್ಯವೂ ಉಂಟು. ಬಕೆಟ್ಟುಗಳ ಸ್ಥಾನದಲ್ಲಿ ಮರದಿಂದ ಮರಕ್ಕೆ ಪ್ಲಾಸ್ಟಿಕ್ ಕೊಳವೆಗಳು ಬಂದಿವೆ. ಅವಕ್ಕೆ ನಿರ್ವಾತದ ಪಂಪನ್ನು ಹೂಡಿದರೆ ರಸ ಇಮ್ಮಡಿಯ ಹತ್ತಿರಕ್ಕೆ ಬರುತ್ತದೆ. ನಮ್ಮ ಮನೆಗಳ ಕುಡಿಯುವ ನೀರಿನ ಆರ್‌ಓ ಯಂತ್ರವೇ ಅಲ್ಲಿಯೂ ಇದೆ. ನಾವು ನೀರನ್ನು ಉಳಿಸಿಕೊಂಡು ಮಿಕ್ಕದ್ದನ್ನು ಚೆಲ್ಲುತ್ತೇವೆ, ಅವರು ನೀರನ್ನು ಚೆಲ್ಲಿ ಮಿಕ್ಕದ್ದನ್ನು ಉಳಿಸಿಕೊಳ್ಳುತ್ತಾರೆ. ನೂರಕ್ಕೆ ಎರಡಿದ್ದ ಸಕ್ಕರೆಯನ್ನು ಎಂಟಕ್ಕೆ ಏರಿಸಿದರೆ ನಾಲ್ಕರಲ್ಲಿ ಮೂರು ಪಾಲು ನೀರು ಒಲೆಗೆ ಹೋಗುವ ಮೊದಲೇ ತೊಲಗಿತು, ಅಷ್ಟು ಸೌದೆಯೂ ಅಷ್ಟು ನಿದ್ದೆಯೂ ಉಳಿಯಿತು. ಇಂತಹ ಯಂತ್ರವನ್ನು ಹಳೆಯ ಕಾಲದ ಮೋಹದಿಂದ ನಿಂದಿಸುವವರ ಗುಂಪಿಗೆ ನಾನು ಸೇರಿದವನಲ್ಲ. ರಾತ್ರಿಯೆಲ್ಲ ಒಲೆಯ ಬಾಯಲ್ಲಿ ನಿಲ್ಲುವ ಕಷ್ಟವನ್ನು ಕಾವ್ಯವೆಂದು ಕರೆಯುವವರು ಬಹುಮಟ್ಟಿಗೆ ಬೆಳಿಗ್ಗೆ ಎದ್ದು ನೋಡಲು ಬಂದವರು. ನನ್ನ ತಕರಾರು ಯಂತ್ರದ ಮೇಲಲ್ಲ, ಒಡೆತನದ ಮೇಲೆ. ಊರಿಗೆ ಸೇರದ ಬಂಡವಾಳವು ಒಂದೇ ಕೈಯಲ್ಲಿ ಲಕ್ಷದಷ್ಟು ರಂಧ್ರಗಳನ್ನು ಇಟ್ಟುಕೊಳ್ಳುವ ದಿನಗಳು ಬಂದಿವೆ. 2013ರಲ್ಲಿ ವರ್ಮಾಂಟ್ ವಿಶ್ವವಿದ್ಯಾನಿಲಯದ ಸಂಶೋಧಕರು, ತಲೆ ಕತ್ತರಿಸಿದ ಎಳೆಯ ಸಸಿಗಳಿಂದಲೂ ನಿರ್ವಾತದ ಮೂಲಕ ರಸವನ್ನು ಹೀರಬಹುದೆಂದು ತೋರಿಸಿಕೊಟ್ಟರು. ವಿಜ್ಞಾನವಾಗಿ ಅದು ಶ್ಲಾಘ್ಯ. ಆದರೆ ಸಾಲಾಗಿ ನೆಟ್ಟ ಸಸಿಗಳಿಂದ ಪಾಕ ಬರುವಂತಾದರೆ ಕಾಡೂ ಬೇಡ, ಕಾಡಿರುವ ಒಕ್ಕಲೂ ಬೇಡ.

ನೆರೆಯ ಕೆನಡಾದ ಕ್ವಿಬೆಕ್ ಪ್ರಾಂತದವರು, ಎಂದರೆ ಪ್ರಪಂಚದ ಪಾಕದಲ್ಲಿ ನೂರಕ್ಕೆ 70ರಷ್ಟನ್ನು ಮಾಡುವವರು, ಬೇರೆ ದಾರಿ ಹಿಡಿದರು: ಉತ್ಪಾದಕರ ಸಂಘವೊಂದೇ ಸಗಟು ಮಾರಾಟವನ್ನು ನಿಯಂತ್ರಿಸಿ, ಪ್ರತಿಯೊಬ್ಬನಿಗೂ ಪ್ರಮಾಣವನ್ನು ನಿಗದಿಪಡಿಸಿ, ಮಿಕ್ಕದ್ದನ್ನು ಪೀಪಾಯಿಗಳಲ್ಲಿ ಕಾದಿರಿಸುತ್ತದೆ. 2012ರಲ್ಲಿ ಆ ದಾಸ್ತಾನನ್ನು ಎಣಿಸಲು ಹೋದವರಿಗೆ ಸುಮಾರು 3,000 ಟನ್ ಪಾಕ ಕಳುವಾಗಿ, ಕೆಲವು ಪೀಪಾಯಿಗಳಲ್ಲಿ ನೀರು ತುಂಬಿದ್ದುದು ಕಂಡಿತೆಂಬ ಸುದ್ದಿ ಲೋಕವನ್ನೆಲ್ಲ ನಗಿಸಿತು. ನಗುವವರು ಒಂದು ಮಾತನ್ನು ಮರೆಯುತ್ತಾರೆ: ಆ ಕಟ್ಟುಪಾಡಿನಿಂದ ಬೆಲೆ ಸ್ಥಿರವಾಯಿತು. ಸ್ವತಂತ್ರವಾಗಿ ಮಾರಬೇಕೆನ್ನುವ ಸಣ್ಣವನಿಗೆ ಅದು ಬಿಗಿಯೆನಿಸಿದ್ದೂ ನಿಜವೇ.

ಸಂಘಕ್ಕಿಂತ ಹೆಚ್ಚಾಗಿ ಸಣ್ಣ ಒಕ್ಕಲಿಗನನ್ನು ಕಾಯಬೇಕಾದುದು ಸೀಸೆಯ ಚೀಟಿಯನ್ನು ಕುರಿತ ಕಾನೂನು. 2018ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು, ಮರದ ರಸವೊಂದನ್ನು ಬಿಟ್ಟು ಮತ್ತೇನನ್ನೂ ಕಾಣದ ಪಾಕದ ಮೇಲೂ ಸೇರಿಸಿದ ಸಕ್ಕರೆಯೆಂದು ಅಚ್ಚುಹಾಕಬೇಕೆಂಬ ಯೋಚನೆ ಮಾಡಿತು. ಒಕ್ಕಲಿಗರು ಎದ್ದುನಿಂತ ಮೇಲೆ, ಮರುವರ್ಷ ಅದನ್ನು ಹಿಂದಕ್ಕೆ ತೆಗೆದುಕೊಂಡಿತು. ಏನನ್ನೂ ಸೇರಿಸದವನಿಗೆ ಈ ಪಾಡಾದರೆ, ಎಲ್ಲವನ್ನೂ ಸೇರಿಸುವವನು ನಿಶ್ಚಿಂತೆಯಿಂದಿದ್ದಾನೆ. ಮುಸುಕಿನ ಜೋಳದ ಪಾಕಕ್ಕೆ ಬಣ್ಣವನ್ನೂ ಪರಿಮಳವನ್ನೂ ಬೆರೆಸಿ, ಚೀಟಿಯ ಮೇಲೆ ಹಿಮದ ಚಿತ್ರವನ್ನು ಬರೆಸಿ ಮಾರುವ ಸೀಸೆಗಳು ಅಮೆರಿಕದಲ್ಲಿ ನಿಜವಾದ ಪಾಕಕ್ಕಿಂತ ಬಹಳ ಅಗ್ಗ. ಆ ಪರಿಮಳಕ್ಕೆ ಒದಗುವ ಸಾಮಗ್ರಿಗಳಲ್ಲಿ ನಮ್ಮ ಅಡಿಗೆಮನೆಯ ಮೆಂತ್ಯವೂ ಒಂದು. ಮೆಂತ್ಯದಲ್ಲಿರುವ ಸೊಟೊಲೋನ್ ಎಂಬ ದ್ರವ್ಯದ ವಾಸನೆ ಮೇಪಲ್ಲಿನದನ್ನೇ ಹೋಲುತ್ತದೆ. 2005ರಿಂದ ಆಗಾಗ ನ್ಯೂಯಾರ್ಕ್ ನಗರದ ಮೇಲೆ ಮೇಪಲ್ ಪಾಕದ ವಾಸನೆ ಕವಿದು ಜನರು ಬೆರಗಾಗುತ್ತಿದ್ದರು. 2009ರಲ್ಲಿ ಮೂಲ ಪತ್ತೆಯಾದಾಗ ಅದು ನದಿಯಾಚೆಯ ನ್ಯೂಜೆರ್ಸಿಯಲ್ಲಿ ಮೆಂತ್ಯವನ್ನು ಸಂಸ್ಕರಿಸುತ್ತಿದ್ದ ಕಾರ್ಖಾನೆಯದೆಂದು ತಿಳಿಯಿತು.

ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲಿಯೂ ಈ ಎರಡು ಬಗೆಯ ಸೀಸೆಗಳು ಅಕ್ಕಪಕ್ಕದಲ್ಲಿ ನಿಂತಿರುತ್ತವೆ. ಕೊಳ್ಳುವವರು ಸೀಸೆಯನ್ನು ತಿರುಗಿಸಿ ಹಿಂಬದಿಯ ಪಟ್ಟಿಯನ್ನು ಓದತಕ್ಕದ್ದು. ಅಲ್ಲಿ ಮೇಪಲ್ ಒಂದರ ಹೆಸರೇ ಇದ್ದರೆ ಬೆಲೆ ಹೆಚ್ಚಾಯಿತೆಂದು ಗೊಣಗುವುದಕ್ಕೆ ಕಾರಣವಿಲ್ಲ. ಬಾಸ್ಟನ್ ಸುತ್ತಮುತ್ತ ನೆಲೆಸಿರುವ ನಮ್ಮ ಕನ್ನಡಿಗರಿಗೆ ಇನ್ನೂ ಒಳ್ಳೆಯ ಅವಕಾಶವಿದೆ. ಮಾರ್ಚಿಯಲ್ಲಿ ವರ್ಮಾಂಟಿನ ಪಾಕದ ಮನೆಗಳು ಒಂದು ವಾರಾಂತ್ಯ ಬಾಗಿಲು ತೆರೆದು ಎಲ್ಲರನ್ನೂ ಕರೆಯುತ್ತವೆ. ಮೇನ್ ಸಂಸ್ಥಾನದಲ್ಲಿ ಆ ತಿಂಗಳ ನಾಲ್ಕನೆಯ ಭಾನುವಾರ ಅದಕ್ಕೆ ಗೊತ್ತಾಗಿದೆ. ವರ್ಮಾಂಟಿನಲ್ಲಿ ಬಿಸಿಪಾಕವನ್ನು ಹಿಮದ ಮೇಲೆ ಸುರಿದು ತಿನ್ನಲು ಕೊಟ್ಟು, ನಡುವೆ ನಾಲಗೆ ತಿರುಗಲೆಂದು ಸೌತೆಕಾಯಿಯ ಉಪ್ಪಿನಕಾಯಿಯನ್ನು ಇಡುವ ಸಂಪ್ರದಾಯ ನಮ್ಮವರಿಗೆ ಹಿಡಿಸದಿರಲಾರದು. ಪೀಪಾಯಿಯ ಲೆಕ್ಕದಲ್ಲಿ ಸಗಟಿಗೆ ಕೊಟ್ಟರೆ ಒಕ್ಕಲಿಗನಿಗೆ ಚಿಲ್ಲರೆ ಬೆಲೆಯ ಅರ್ಧದಷ್ಟು ದೊರೆತರೆ ಹೆಚ್ಚು. ಆತನ ಬಾಗಿಲಲ್ಲೇ ನಿಂತು ಕೊಂಡ ಡಬ್ಬಿಯ ಹಣವಾದರೋ ಪೂರ್ತಿಯಾಗಿ ಆ ಮನೆಯಲ್ಲಿಯೇ ಉಳಿದು, ಮೇ ತಿಂಗಳಲ್ಲಿ ಬಿತ್ತುವ ಜೋಳದ ಬೀಜಕ್ಕೆ ಸಲ್ಲುತ್ತದೆ.