ಕುರ್ಚಿ ಯಾರದು, ಕುತ್ತಿಗೆ ಯಾರದು?

ಅಮೆರಿಕದ ಕರಿಯರ ಕ್ಷೌರದಂಗಡಿಗಳ ಮೇಲೆ ಈಗ ಎಲ್ಲರಿಗೂ ಪ್ರೀತಿ ಉಕ್ಕಿ ಹರಿಯುತ್ತಿದೆ. ಸಿನಿಮಾದವರಿಗೆ, ಜಾಹೀರಾತಿನವರಿಗೆ, ಮೊಬೈಲಿನಲ್ಲಿ ರೀಲು ತಿರುವುವ ನಮ್ಮ ಬೆಂಗಳೂರಿನ ಹುಡುಗರಿಗೂ. ಆ ನಗು, ಆ ಹರಟೆ, ಹಣೆಯಂಚಿಗೆ ಗೆರೆ ಹೊಡೆದಂತೆ ಕೂದಲು ಕೊರೆಯುವ ಆ ಕೈಚಳಕ! ಆಹಾ, ಎಂಥ ಸಂಸ್ಕೃತಿ ಅನ್ನುತ್ತಾರೆ. ಅಂಥ ಅಂಗಡಿ ಯಾಕೆ ಹುಟ್ಟಿತು ಅಂದರೆ ಮಾತ್ರ ಬಾಯಿ ಬರುವುದಿಲ್ಲ. ಹುಟ್ಟಿದ್ದು ಅವಮಾನದಿಂದ ಸ್ವಾಮಿ.

ಗುಲಾಮಗಿರಿಯ ಕಾಲದಲ್ಲಿ ಬಿಳಿ ಧಣಿಯ ಗಡ್ಡ ಹೆರೆಯುವುದು ಕರಿಯನ ಪಾಲಿನ ಚಾಕರಿ. ಕತ್ತಿ ಕರಿಯನ ಕೈಯಲ್ಲಿ, ಕುತ್ತಿಗೆ ಬಿಳಿಯನದು. ಆದರೂ ಹೆದರಿ ನಿಂತವನು ಕತ್ತಿ ಹಿಡಿದವನೇ. ಮಿಸಿಸಿಪ್ಪಿಯ ನಾಚೆಜ್ ಪಟ್ಟಣದ ವಿಲಿಯಂ ಜಾನ್ಸನ್ 1820ರಲ್ಲಿ ಗುಲಾಮಗಿರಿಯಿಂದ ಬಿಡುಗಡೆಯಾಗಿ, ಕ್ಷೌರದ ಕಸುಬಿನಿಂದಲೇ ಆಸ್ತಿ ಮಾಡಿದ. ತಾನೂ ಗುಲಾಮರನ್ನು ಇಟ್ಟುಕೊಂಡಿದ್ದ, ಅದನ್ನು ಮುಚ್ಚಿಡುವ ಅಗತ್ಯ ನನಗಿಲ್ಲ. ಹದಿನಾರು ವರ್ಷ ದಿನಚರಿ ಬರೆದ. 1851ರಲ್ಲಿ ಜಮೀನಿನ ಗಡಿ ತಕರಾರಿಗೆ ಅವನನ್ನು ಗುಂಡಿಟ್ಟು ಕೊಂದರು. ಕಣ್ಣಾರೆ ಕಂಡ ಸಾಕ್ಷಿಗಳಿದ್ದರು, ಆದರೆ ಅವರೆಲ್ಲ ಕರಿಯರು. ಆರೋಪಿ ತಾನು ಕರಿಯನಲ್ಲ ಎಂದು ವಾದ ಹೂಡಿದ. ಬಿಳಿಯನ ವಿರುದ್ಧ ಕರಿಯನ ಸಾಕ್ಷಿ ಆ ರಾಜ್ಯದ ಕೋರ್ಟಿನಲ್ಲಿ ನಡೆಯುತ್ತಿರಲಿಲ್ಲ. ಆರೋಪಿ ಕೈಬೀಸಿಕೊಂಡು ಮನೆಗೆ ಹೋದ.

ಅಟ್ಲಾಂಟಾದ ಅಲಾಂಜೊ ಹರ್ನ್‌ಡನ್ ಕತೆಯಂತೂ ಹೊಟ್ಟೆ ಉರಿಸುತ್ತದೆ. 1858ರಲ್ಲಿ ಗುಲಾಮನಾಗಿ ಹುಟ್ಟಿದವನು ಪೀಚ್‌ಟ್ರೀ ಬೀದಿಯಲ್ಲಿ ದೊಡ್ಡ ಅಂಗಡಿ ತೆರೆದ. ಮೇಲೆ ತೂಗುದೀಪಗಳು, ಸುತ್ತ ಅಮೃತಶಿಲೆ, ಆಳೆತ್ತರದ ಕನ್ನಡಿ. ಜಡ್ಜುಗಳು, ವಕೀಲರು, ರಾಜಕಾರಣಿಗಳು ಬಂದು ಗಡ್ಡ ಒಡ್ಡುತ್ತಿದ್ದರು. ಕತ್ತರಿ ಹಿಡಿದವರೆಲ್ಲ ಕರಿಯರು. ಆದರೆ ಆ ಕುರ್ಚಿಗಳಲ್ಲಿ ಒಬ್ಬ ಕರಿಯನೂ ಗಿರಾಕಿಯಾಗಿ ಕೂರುವಂತಿರಲಿಲ್ಲ! ಕೂರಿಸಿದರೆ ಬಿಳಿಯರು ಎದ್ದು ಹೋಗುತ್ತಾರೆ, ಅಂಗಡಿ ಮುಚ್ಚುತ್ತದೆ. ಅಣ್ಣನ ತಲೆಗೆ ತಮ್ಮನ ಕತ್ತರಿ ತಾಗಬಾರದು, ಇದು ವ್ಯಾಪಾರದ ಷರತ್ತು.

ಇಷ್ಟು ತಗ್ಗಿ ನಡೆದರೂ ಉಳಿಗಾಲ ಇತ್ತೇ? 1906ರ ಸೆಪ್ಟೆಂಬರಿನಲ್ಲಿ ಬಿಳಿಯರ ಗುಂಪು ಅಟ್ಲಾಂಟಾದ ಬೀದಿಗಿಳಿಯಿತು. ಹರ್ನ್‌ಡನ್ ಅಂಗಡಿಯ ಗಾಜು ಒಡೆಯಿತು, ಎದುರಿನ ಅಂಗಡಿಯ ಕರಿಯ ಕ್ಷೌರಿಕರನ್ನು ಕೊಂದೇ ಹಾಕಿತು. ದಿನಾ ಗಡ್ಡ ಒಡ್ಡುತ್ತಿದ್ದ ಊರು ಅದು. 1926ರಲ್ಲಿ ನಗರಸಭೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಕರಿಯ ಕ್ಷೌರಿಕರು ಹೆಂಗಸರ, 14 ವರ್ಷದೊಳಗಿನ ಮಕ್ಕಳ ತಲೆ ಮುಟ್ಟಕೂಡದೆಂದು ನಿಯಮ ಮಾಡಿತು. ಹರ್ನ್‌ಡನ್ ಮಾತ್ರ ಬಿಳಿಯರ ಗಡ್ಡದಿಂದ ದುಡಿದ ಹಣವನ್ನು 1905ರಲ್ಲೇ, ಮುಂದೆ ಅಟ್ಲಾಂಟಾ ಲೈಫ್ ಎಂದು ಹೆಸರಾದ ವಿಮಾ ಕಂಪನಿಗೆ ಹಾಕಿದ್ದ. ಅದು ಕರಿಯರ ಕಂಪನಿ. ಇಂಥ ಜಾಣತನಕ್ಕೆ ನನ್ನ ನಮಸ್ಕಾರ.

ಮುಂದಿನ ತಲೆಮಾರಿನ ಕ್ಷೌರಿಕರು ತಮ್ಮ ಕೇರಿಗಳಲ್ಲೇ ಕುರ್ಚಿ ಹಾಕಿದರು. ಕರಿಯರ ಗುಂಗುರು ಕೂದಲನ್ನು ಪಳಗಿಸುವುದು ಸುಲಭದ ಮಾತಲ್ಲ. ನುಣ್ಣಗೆ ಹೆರೆದರೆ ತುದಿ ಸುರುಳಿಯಾಗಿ ಮತ್ತೆ ಚರ್ಮದೊಳಕ್ಕೇ ಇಳಿದು, ಕುತ್ತಿಗೆ ತುಂಬ ಗುಳ್ಳೆ ಏಳುತ್ತದೆ. ಅದಕ್ಕೇ ಪಳಗಿದ ಕೈ ತೀರಾ ಬುಡಕ್ಕೆ ಹೋಗದೆ, ಮಷಿನ್ನಿನಲ್ಲಿ ಕೂದಲೆಳೆಯಷ್ಟು ಬಿಟ್ಟು ಕತ್ತರಿಸುತ್ತದೆ. ಇದನ್ನು ಬಲ್ಲವನು ಕೇರಿಯವನೇ ಆಗಿದ್ದ. ಅಲ್ಲಿ ಬಿಳಿಯ ಯಜಮಾನನಿಲ್ಲ, ಕದ್ದು ಕೇಳುವ ಕಿವಿಯಿಲ್ಲ. ಗಿರಾಕಿ ಕರಿಯ, ಮಾಲೀಕ ಕರಿಯ, ಕೆಲಸದಿಂದ ಕಿತ್ತುಹಾಕುತ್ತೇನೆಂದು ಬೆದರಿಸುವವರಿಲ್ಲ. ಹಾಗಾಗಿ ಓಟು, ಪೊಲೀಸ್ ಲಾಠಿ, ಕೂಲಿ, ಪಾದ್ರಿಯ ಉಪದೇಶ, ಎಲ್ಲವೂ ಅಲ್ಲಿ ಚರ್ಚೆಗೆ ಬಂದವು. ಹುಡುಗರು ಸರದಿ ಕಾಯುತ್ತಾ ಹಿರಿಯರ ಜಗಳ ಕೇಳಿಯೇ ಲೋಕ ಕಲಿತರು. ಇದನ್ನು ನಮ್ಮ ಅರಳಿಕಟ್ಟೆಗೆ ಹೋಲಿಸುವವರಿದ್ದಾರೆ. ದಯವಿಟ್ಟು ಬೇಡ. ನಮ್ಮ ಅರಳಿಕಟ್ಟೆಯ ಮೇಲೆ ಎಲ್ಲರೂ ಕೂರುವಂತಿರಲಿಲ್ಲ.

ಈಗ ಡಾಕ್ಟರುಗಳೂ ಆ ಅಂಗಡಿ ಹುಡುಕಿಕೊಂಡು ಬಂದಿದ್ದಾರೆ. ಲಾಸ್ ಏಂಜಲೀಸಿನ 52 ಅಂಗಡಿಗಳಲ್ಲಿ, ಬಿಪಿ ಏರಿದ್ದ 319 ಕರಿಯ ಗಂಡಸರ ಮೇಲೆ ನಡೆದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಔಷಧ ತಜ್ಞರೇ ಅಂಗಡಿಗೆ ಬಂದು ಮಾತ್ರೆ ಕೊಟ್ಟ ಕಡೆ ಆರು ತಿಂಗಳಲ್ಲಿ ಮೇಲಿನ ಬಿಪಿ ಸರಾಸರಿ 27 ಅಂಕ ಇಳಿಯಿತು. ಡಾಕ್ಟರ ಹತ್ತಿರ ಹೋಗಿ ಎಂದು ಕ್ಷೌರಿಕ ಬುದ್ಧಿ ಹೇಳಿದಲ್ಲಿ ಇಳಿದದ್ದು ಒಂಬತ್ತು ಚಿಲ್ಲರೆ. ಜಗತ್ತು ಚಪ್ಪಾಳೆ ತಟ್ಟಿತು. ನನಗೆ ಸಿಟ್ಟು ಬಂತು. ಆಸ್ಪತ್ರೆಗೆ ಕಾಲಿಡಲು ಹಿಂಜರಿಯುವವನು ಕ್ಷೌರಿಕನ ಮುಂದೆ ಕೈ ಚಾಚಿದ್ದು ಯಾಕೆ? 1932ರಿಂದ 1972ರವರೆಗೆ ಟಸ್ಕೀಗಿಯಲ್ಲಿ ಸಿಫಿಲಿಸ್ ಇದ್ದ 399 ಕರಿಯರಿಗೆ ಚಿಕಿತ್ಸೆ ಕೊಡದೆ, ರೋಗ ಹೇಗೆ ತಿನ್ನುತ್ತದೆಂದು ಸರಕಾರವೇ ಕೂತು ನೋಡಿತ್ತು. ಪೆನಿಸಿಲಿನ್ ಬಂದ ಮೇಲೂ ಕೊಡಲಿಲ್ಲ. ಆಸ್ಪತ್ರೆ ಕಳಕೊಂಡ ನಂಬಿಕೆಯನ್ನು ಕ್ಷೌರಿಕ ತನ್ನ ಕೈಯಾರೆ ಉಳಿಸಿಕೊಂಡ. ಸರಕಾರ ಮಾಡಬೇಕಾದ ಕೆಲಸವನ್ನೂ ಅವನ ಹೆಗಲಿಗೇ ಹೊರಿಸಿ 'ಸಮುದಾಯದ ಶಕ್ತಿ' ಎಂದು ಹೊಗಳುವುದು ಕಳ್ಳತನ.

ನಾವು ಇಲ್ಲಿ ಕೂತು ಅಮೆರಿಕಕ್ಕೆ ಬಯ್ಯುವುದು ಸಲೀಸು. 2020ರಲ್ಲಿ ನಂಜನಗೂಡು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ದಲಿತರ ಕೂದಲು ಕತ್ತರಿಸಿದ್ದಕ್ಕೆ ತನಗೆ ದಂಡ, ಬಹಿಷ್ಕಾರ ಹಾಕಿದರೆಂದು ಕ್ಷೌರಿಕನೊಬ್ಬ ದೂರಿದ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಪೀಚ್‌ಟ್ರೀ ಬೀದಿಯ ಅದೇ ಷರತ್ತು, ನೂರು ವರ್ಷ ದಾಟಿದ ಮೇಲೆ, ಕನ್ನಡದಲ್ಲಿ. ಇಲ್ಲಿಯೂ ಕತ್ತರಿ ಹಿಡಿದವನು ಬಡವ, ಕಾನೂನು ಮಾಡಿದವನು ಊರ ಯಜಮಾನ. ಇದನ್ನು ಓದಿ ತಲೆದೂಗಿದ ಗೆಳೆಯರೇ, ಮುಂದಿನ ಭಾನುವಾರ ನಿಮ್ಮ ನಿಮ್ಮ ಊರಿಗೆ ಹೋಗಿ. ಕಟಿಂಗ್ ಶಾಪಿನ ಕುರ್ಚಿಯಲ್ಲಿ ಯಾರ್‍ಯಾರು ಕೂರುವಂತಿಲ್ಲ ಎಂದು ಕೇಳಿ. ಕೂರುವಂತಿಲ್ಲದವರಿದ್ದರೆ ಅವರನ್ನು ಜೊತೆಗೆ ಕರೆದುಕೊಂಡು ಹೋಗಿ ಪಕ್ಕದ ಕುರ್ಚಿಯಲ್ಲಿ ನೀವೂ ಕೂತುಕೊಳ್ಳಿ. ಕ್ಷೌರಿಕನ ಮೇಲೆ ದಂಡ ಬಿದ್ದರೆ ಪೊಲೀಸ್ ಠಾಣೆಗೆ ಅವನ ಜೊತೆ ನೀವೇ ಹೋಗಿ.